ದಂಡಿನ ತರಬೇತಿಗೆ 50 ಪೈಸೆ ಕಾರ್ಡು

ನಾನು ನಡೆಸುವುದು ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದು ಪಾತ್ರವಾಗಿ ಆಡುವ ಕಥೆಯ ಆಟ; ಇದರಲ್ಲಿ ಆಟಗಾರರು ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಒಂದು ದಂಡಿಗೆ ಹೊಸದಾಗಿ ಸೇರಿದ ಸಿಪಾಯಿಗಳು, ಅಂದರೆ ರಿಕ್ರೂಟ್‌ಗಳು. ತರಬೇತಿ ಭಾಗವನ್ನು ಒಂದು ದಾಳ ಹಾಕಿ ಮುಗಿಸಿಬಿಡಿ, ಅದು ಯಾರಿಗೂ ಬೇಕಿಲ್ಲ, ಸೀದಾ ಯುದ್ಧಕ್ಕೆ ಬನ್ನಿ ಅಂತ ಇಂಥ ಆಟ ನಡೆಸುವ ಬೆಂಗಳೂರಿನ ಗೇಮ್ ಮಾಸ್ಟರ್‌ಗಳು ನನಗೆ ಬುದ್ಧಿ ಹೇಳಿದ್ದರು. ಅವರಲ್ಲಿ ಇಬ್ಬರು ಈಗ ಭಾನುವಾರ ರೈಲು ಹತ್ತಿ ಗೌರಿಬಿದನೂರಿಗೆ ಬರುತ್ತಾರೆ, ನನ್ನ ಮೇಜಿನಲ್ಲಿ ರಿಕ್ರೂಟ್ ಆಗಿ ಕೂರುತ್ತಾರೆ. ನಮ್ಮ ಆಟದಲ್ಲಿ ಯುದ್ಧ ಇನ್ನೂ ಶುರುವೇ ಆಗಿಲ್ಲ. ಎರಡು ವರ್ಷದಿಂದ ಬರೀ ತರಬೇತಿ. ಹೇಗೆ ಅಂತ ಸುಮಾರು ಜನ ಕೇಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ದಾಳ (ಪಾತ್ರ ಮಾಡಿದ್ದು ಫಲಿಸಿತೋ ಇಲ್ಲವೋ ಅಂತ ಅದು ಹೇಳುತ್ತದೆ), ಶೀಟು (ಪಾತ್ರದ ಅಂಕಗಳ ಹಾಳೆ), ಸೆಷನ್ (ಒಂದು ಸಲ ಕೂತು ಆಡುವ ಆಟ) ಬಗ್ಗೆ ಇದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ.

ಮೊದಲು ದುಡ್ಡು ಹೋದ ಕಥೆ. ಶುರುವಿನಲ್ಲಿ ದಂಡಿನ ಕೈಪಿಡಿ ಅಂತ 150 ಪುಟದ ಪುಸ್ತಕ ಮಾಡಿದ್ದೆ. ಸಿಪಾಯಿಯಿಂದ ದಳವಾಯಿವರೆಗೆ ಹುದ್ದೆಗಳು, ಪಠ್ಯಕ್ರಮ, ಶಿಕ್ಷೆಗಳ ಪಟ್ಟಿ, ಊಟದ ಪಟ್ಟಿ ಎಲ್ಲ ಇತ್ತು. ಚಿಕ್ಕಬಳ್ಳಾಪುರದಲ್ಲಿ 100 ಪ್ರತಿ ಹಾಕಿಸಿದೆ, ₹22,000 ಹತ್ತಿರ ಆಯಿತು. ಹದಿನೈದೋ ಇಪ್ಪತ್ತೋ ಖರ್ಚಾದವು. ಉಳಿದವು ಅಟ್ಟದ ಮೇಲೆ ಇಲಿಗಳ ಪಾಲು. ಕೊಂಡವರೂ ಓದಿ ಬರಲಿಲ್ಲ.

ಆಮೇಲೆ ನಿಜವಾದ ಡ್ರಿಲ್ ಮಾಡಿಸೋಣ ಅಂತ ಹೊರಟೆ. ಬೆಳಿಗ್ಗೆ ಐದೂವರೆಗೆ ಮೈದಾನ, ಎನ್‌ಸಿಸಿ ಹುಡುಗರು, ಸಾವಧಾನ್, ವಿಶ್ರಾಮ್. ಚೆನ್ನಾಗಿ ಮಾಡಿದರು. ಆದರೆ ಅದನ್ನು ಅವರು ಕಾಲೇಜಿನಲ್ಲಿ ಹೇಗೂ ಮಾಡುತ್ತಾರೆ. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ದಂಡಿಗೂ ಕಾಲೇಜಿನ ಮೈದಾನಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಚಳಿ ಬಂತು, ಎಲ್ಲರೂ ಮಾಯ. ಅದಾದ ಮೇಲೆ ಒಬ್ಬರಿಗೆ ಕಂಪ್ಯೂಟರ್‌ನಲ್ಲಿ ಮಾಡಿಕೊಡಿ ಅಂತ ₹30,000 ಮುಂಗಡ ಕೊಟ್ಟೆ. ಒಂದು ಸ್ಕ್ರೀನ್ ತೋರಿಸಿದರು, ಆಮೇಲೆ ಫೋನ್ ಎತ್ತಲೇ ಇಲ್ಲ. ಆ ದುಡ್ಡು ಹೋದ ಹಾಗೆಯೇ. ಮನೆಯಲ್ಲಿ ಈ ಆಟದ ಹೆಸರು ಎತ್ತುವ ಹಾಗಿರಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದಿದ್ದು ಅಂಚೆ ಕಾರ್ಡು. ಒಂದಕ್ಕೆ 50 ಪೈಸೆ.

ನಮ್ಮ ದಂಡಿನ ಶಾಲೆ ಇರುವುದು ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಸುತ್ತ ತಿರುಗುವ ಗ್ರಹದಲ್ಲಿ. 2016ರಲ್ಲಿ ಪತ್ತೆಯಾಯಿತಲ್ಲ, ಅದೇ. ದೂರ 4.24 ಜ್ಯೋತಿರ್ವರ್ಷ. ಭೂಮಿಯಲ್ಲಿರುವ ಕೇಂದ್ರ ಕಚೇರಿಯಿಂದ ಒಂದು ಆಜ್ಞೆ ಬೆಳಕಿನ ವೇಗದಲ್ಲಿ ಹೊರಟರೂ ನಾಲ್ಕು ವರ್ಷದ ಮೇಲೆ ಬೇಕು. ಪ್ರಶ್ನೆ ಕೇಳಿ ಉತ್ತರ ಪಡೆಯಲು ಎಂಟೂವರೆ ವರ್ಷ. ಇದನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ, ಯಾರ ತಲೆಗೂ ಇಳಿದಿರಲಿಲ್ಲ. ಈಗ ಆಟದ ಒಂದು ವರ್ಷಕ್ಕೆ ನಮ್ಮ ಒಂದು ವಾರ ಅಂತ ಲೆಕ್ಕ. ರಿಕ್ರೂಟ್‌ಗಳು ಕೇಂದ್ರಕ್ಕೆ ಏನಾದರೂ ಕೇಳಬೇಕಾದರೆ ನನ್ನ ವಿಳಾಸಕ್ಕೆ ಕಾರ್ಡು ಬರೆಯಬೇಕು. ಉತ್ತರ ಅವರ ಮನೆ ಬಾಗಿಲಿಗೆ ಎರಡು ತಿಂಗಳ ಮೇಲೆ ಬರುತ್ತದೆ. ಅಷ್ಟರೊಳಗೆ ತೀರ್ಮಾನ ಅವರದೇ. ಫೋನ್ ಮಾಡಿದರೆ ನಾನು ಎತ್ತುತ್ತೇನೆ, ಆದರೆ ಆಟದ ಮಾತು ಆಡುವುದಿಲ್ಲ.

ಇದರಿಂದ ದಂಡಿನ ಪಾಠವೇ ಬದಲಾಯಿತು. ಆಜ್ಞೆ ಪಾಲಿಸುವುದನ್ನು ಕಲಿಸುವ ಸೇನೆ ಅಲ್ಲಿ ಒಂದು ವರ್ಷವೂ ಬದುಕುವುದಿಲ್ಲ. ಆಜ್ಞೆ ಇಲ್ಲದಾಗ ಏನು ಮಾಡಬೇಕು, ಮಾಡಿದ್ದಕ್ಕೆ ಕಾರಣ ಹೇಗೆ ಬರೆದಿಡಬೇಕು, ಹಳೆಯ ಆಜ್ಞೆ ತಡವಾಗಿ ಬಂದಾಗ ಅದನ್ನು ಹೇಗೆ ಓದಬೇಕು, ಇಷ್ಟೇ ಪರೀಕ್ಷೆ. ತೀರ್ಮಾನ ಸರಿಯೋ ತಪ್ಪೋ ಅಂತ ನಾನು ಅಂಕ ಕೊಡುವುದಿಲ್ಲ. ದಿನಚರಿಯಲ್ಲಿ ಕಾರಣ ಬರೆದಿದ್ದರೆ ಅಂಕ, ಇಲ್ಲದಿದ್ದರೆ ಸೊನ್ನೆ.

ಒಂದು ಸಲ ರಿಕ್ರೂಟ್‌ಗಳು ಶಾಲೆಯ ಉಗ್ರಾಣದವನನ್ನು ಹಿಡಿದರು. ರೇಷನ್ ಕದಿಯುತ್ತಿದ್ದ. ವಿಚಾರಣೆ ಮಾಡಿ ಒಳಗೆ ಹಾಕಿದರು, ಭೇಷ್ ಅಂತ ಬೆನ್ನು ತಟ್ಟಿಕೊಂಡರು. ಮರುವಾರ ಎಲ್ಲರ ಮನೆಗೂ ಕಾರ್ಡು ಬಂತು: ‘ಉಗ್ರಾಣದ ಸಿಬ್ಬಂದಿಯನ್ನು ಉತ್ತಮ ಸೇವೆಗಾಗಿ ಶಾಲೆಯ ಮುಖ್ಯ ಶಿಕ್ಷಕನಾಗಿ ನೇಮಿಸಲಾಗಿದೆ.’ ನಾಲ್ಕು ವರ್ಷ ಹಿಂದೆ ಹೊರಟ ಆಜ್ಞೆ ಅದು. ಮೂರು ಗಂಟೆ ಜಗಳ. ದಾಳ ಮುಟ್ಟಿದವರಿಲ್ಲ. ಕಾಫಿ ಆರಿಹೋಯಿತು. ಕೊನೆಗೆ ಶಿಡ್ಲಘಟ್ಟದಿಂದ ಬರುವ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ ಒಂದು ದಾರಿ ಹುಡುಕಿದಳು. ಆಜ್ಞೆ ಹೊರಟ ತಾರೀಖಿನಿಂದಲೇ ಜಾರಿಗೆ ತರೋಣ ಸರ್ ಅಂದಳು. ಹಾಗಾದರೆ ಅವನು ಕದ್ದಾಗ ಮುಖ್ಯ ಶಿಕ್ಷಕನಾಗಿದ್ದ. ಮುಖ್ಯ ಶಿಕ್ಷಕ ಕದ್ದರೆ ಶಿಕ್ಷೆ ಎರಡರಷ್ಟು. ನೇಮಕವೂ ಆಯಿತು, ಜೈಲೂ ಜಾಸ್ತಿ ಆಯಿತು. ಇಂಥದ್ದನ್ನು ಯಾವ ಕೈಪಿಡಿಯಲ್ಲಿ ಬರೆಯುತ್ತೀರಿ?

ಅವರು ಏನು ಕೇಳುತ್ತಾರೆ ಅಂತ ಮೊದಲೇ ಹೇಗೆ ಗೊತ್ತಾಗುತ್ತದೆ, ಕಾರ್ಡು ಅಷ್ಟು ಸರಿಯಾದ ಸಮಯಕ್ಕೆ ಹೇಗೆ ಬೀಳುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆದರೆ ನನ್ನ ರಿಕ್ರೂಟ್‌ಗಳೂ ಓದುತ್ತಾರೆ. ಬೇಡ.

ಇನ್ನೊಂದು ನಿಯಮ: ಕಲಿಸದವನಿಗೆ ಬಡ್ತಿ ಇಲ್ಲ. ದಂಡಿನ ಹಳೆಯ ಹಡಗುಗಳು ಬೆಳಕಿನ ಹತ್ತರಲ್ಲಿ ಒಂದು ಪಾಲು ವೇಗದಲ್ಲಿ ಹೋಗುತ್ತವೆ. 42 ವರ್ಷದ ದಾರಿ. 20ರಲ್ಲಿ ಹತ್ತಿದವರು ಇಳಿಯುವಾಗ 62. ಅಲ್ಲಿ ಕಾಲಿಟ್ಟು ಕೆಲಸ ಮಾಡುವವರು ಹಡಗಿನಲ್ಲೇ ಹುಟ್ಟಿದವರು. ಅದಕ್ಕೆ ಪ್ರತಿ ಹಳೆಯ ಆಟಗಾರ ಅರ್ಧ ಪುಟದ ಒಂದು ಪಾಠ ಬರೆದು ಹೊಸಬರಿಗೆ ಕಲಿಸಬೇಕು. ಹೊಸಬ ಎಡವಿದರೆ ಅಂಕ ಹೋಗುವುದು ಕಲಿಸಿದವನಿಗೆ. ಮೊದಲು ಸಿಕ್ಕಾಪಟ್ಟೆ ಗೊಣಗಾಟ ಇತ್ತು. ಈಗ ನನ್ನ ಹತ್ತಿರ ಹೀಗೆ ಬಂದ ಪಾಠಗಳ ದೊಡ್ಡ ಕಟ್ಟೇ ಇದೆ. ಆರಿಸಿ ಹದಿನಾರು ಪುಟದ ಕಿರುಪುಸ್ತಕ ಮಾಡಿದೆ. ಹಾಕಿಸಲು ₹20 ಒಳಗೆ, ಮಾರುವುದು ₹60ಕ್ಕೆ. 150 ಪುಟದ್ದು ಹೋಗಲಿಲ್ಲ, ಇದು ಎರಡನೇ ಸಲ ಹಾಕಿಸಬೇಕಾಯಿತು. ತಲೆಗೆ ₹150 ಪ್ರವೇಶ, ಮೂರು ಊರಲ್ಲಿ ಮೇಜು. ಕಳೆದದ್ದೆಲ್ಲ ಹೋದ ಯುಗಾದಿ ಹೊತ್ತಿಗೆ ವಾಪಸ್ ಬಂತು ಅಂತ ನನ್ನ ಲೆಕ್ಕ. ಹೆಂಡತಿಯ ಲೆಕ್ಕದಲ್ಲಿ ಇನ್ನೂ ಬಂದಿಲ್ಲ.

ಮಧ್ಯೆ ಮಧ್ಯೆ ಬೇರೆ ಪ್ರಯೋಗಗಳೂ ಆದವು. ಹಡಗು ತಿರುಗುವುದರಿಂದ ತೂಕ ಬರುತ್ತದೆ ಅಂತ ನಮ್ಮ ಆಟದಲ್ಲಿದೆ. ನಿಮಿಷಕ್ಕೆ ಎರಡು ಸುತ್ತು ಸುತ್ತಿ ಭೂಮಿಯಷ್ಟೇ ತೂಕ ಬರಬೇಕಾದರೆ ತ್ರಿಜ್ಯ 224 ಮೀಟರ್ ಬೇಕು. ಅಲ್ಲಿ ಚೆಂಡು ಎಸೆದರೆ ಗುರಿ ತಪ್ಪುತ್ತದೆ ಅಂತ ಹೇಳಿದರೆ ಯಾರೂ ನಂಬಲಿಲ್ಲ. ಪಾರ್ಕಿನಲ್ಲಿ ಮಕ್ಕಳು ಕೂತು ಸುತ್ತುವ ಚಕ್ರ ಇರುತ್ತದಲ್ಲ, ಅದರ ಮೇಲೆ ಎದುರುಬದುರು ನಾಲ್ಕು ಜನರನ್ನು ಕೂರಿಸಿ ಟೆನಿಸ್ ಚೆಂಡು ಕೊಟ್ಟೆ. ಎದುರಿನವನ ಎದೆಗೆ ಎಸೆದದ್ದು ಪಕ್ಕದವನ ಕಿವಿಗೆ ಬಿತ್ತು. ಒಬ್ಬ ವಾಂತಿ ಮಾಡಿಕೊಂಡ. ವಾಚ್‌ಮನ್ ಬಂದು ಎಲ್ಲರನ್ನೂ ಓಡಿಸಿದ. ಅವತ್ತಿನಿಂದ ಹೊಸ ರಿಕ್ರೂಟ್‌ಗೆ ಗುರಿಯಲ್ಲಿ ಎರಡು ಅಂಕ ಕಡಿತ ಅಂದರೆ ಯಾರೂ ಪ್ರಶ್ನೆ ಮಾಡುವುದಿಲ್ಲ.

ಕೋಲಾರದ ಮೇಜಿನಲ್ಲಿ ಬೇರೆಯದೇ ಆಯಿತು. ಅಲ್ಲಿಗೆ ಕೆಜಿಎಫ್ ಕಡೆಯ ಹುಡುಗರು ಬರುತ್ತಾರೆ. ಪ್ರಾಕ್ಸಿಮಾ ಆಗಾಗ ಸಿಡಿದು ವಿಕಿರಣ ಉಗುಳುವ ನಕ್ಷತ್ರ, ಆದ್ದರಿಂದ ಶಾಲೆ ನೆಲದಡಿ ಇದೆ ಅಂತ ಬರೆದಿದ್ದೆ. ಎಷ್ಟು ಆಳ ಅಂತ ಒಬ್ಬ ಕೇಳಿದ. ನಿಜ ಹೇಳಬೇಕೆಂದರೆ ಕೆಲವು ಮೀಟರ್ ಮಣ್ಣು ಸಾಕು. ಆದರೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಆಳ ಇಳಿದಿತ್ತು. 1965ರಲ್ಲಿ ಅದೇ ಕೆಜಿಎಫ್ ಗಣಿಯೊಳಗೆ ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೋ ಎಂಬ ಕಣವನ್ನು ಹಿಡಿದಿದ್ದರು, ಮೇಲಿಂದ ಬೀಳುವ ಬೇರೆ ಕಣಗಳನ್ನು ಬಂಡೆ ತಡೆಯುತ್ತದೆ ಅಂತಲೇ ಅಷ್ಟು ಕೆಳಗೆ ಹೋಗಿದ್ದು. ಇಂಥದ್ದು ಪಕ್ಕದಲ್ಲೇ ಇರುವಾಗ ಕೆಲವು ಮೀಟರ್ ಅಂತ ಬರೆಯಲು ಮನಸ್ಸು ಬರಲಿಲ್ಲ. ಮೂರು ಕಿಲೋಮೀಟರ್ ಇಳಿಸಿಬಿಟ್ಟೆ. ಆ ಹುಡುಗನ ತಾತ ಗಣಿಯಲ್ಲಿ ಕೇಜ್ (ಜನರನ್ನು ಇಳಿಸುವ ಲಿಫ್ಟ್) ಹತ್ತಿರ ಗಂಟೆ ಹೊಡೆಯುವ ಕೆಲಸದಲ್ಲಿದ್ದರಂತೆ. ಅವನು ಒಂದು ಗಂಟೆ ತಂದ, ಕಿಟಕಿಗೆಲ್ಲ ಕಂಬಳಿ ಹಾಕಿ ಕತ್ತಲೆ ಮಾಡಿದೆವು, ಮಾತಿಲ್ಲದೆ ಬರೀ ಗಂಟೆ ಸದ್ದಿನಲ್ಲಿ ಇಡೀ ಸೆಷನ್ ಆಡಿದೆವು. ಗೌರಿಬಿದನೂರಿನಲ್ಲಿ ಅದನ್ನೇ ಮಾಡಿದರೆ ಬರೀ ನಗು. ಒಂದು ಊರಿನಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯಲೇಬೇಕು ಅಂತೇನಿಲ್ಲ.

ಈಗ ದಂಡಿನಲ್ಲಿ ದೊಡ್ಡ ಜಗಳ ನಡೆಯುತ್ತಿರುವುದು ಸೀನಿಯಾರಿಟಿ ಬಗ್ಗೆ. ಹೊಸ ಹಡಗುಗಳು ಬೆಳಕಿನ ಶೇಕಡಾ 90 ವೇಗದಲ್ಲಿ ಬರುತ್ತವೆ. ಭೂಮಿಯ ಲೆಕ್ಕದಲ್ಲಿ ಸುಮಾರು 4.7 ವರ್ಷ, ಹಡಗಿನ ಗಡಿಯಾರದಲ್ಲಿ ಎರಡು ವರ್ಷ ಸ್ವಲ್ಪ ಜಾಸ್ತಿ, ಅಷ್ಟು ವೇಗದಲ್ಲಿ ಹೋಗುವವರಿಗೆ ಕಾಲ ನಿಧಾನವಾಗಿ ಸಾಗುತ್ತದೆ. ನಮ್ಮಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಆಡುತ್ತಾರೆ. ಅವರಿಗೆ ಗುಂಡು, ಹಡಗು ಯಾವುದೂ ಬೇಡ. ಮೊದಲ ದಿನವೇ ಕೇಳಿದರು: ‘ಇನ್‌ಕ್ರಿಮೆಂಟ್ ಯಾವ ಗಡಿಯಾರದ ಪ್ರಕಾರ ಸ್ವಾಮಿ?’ ಸಂಬಳ ಭೂಮಿಯ ಲೆಕ್ಕದಲ್ಲಿ ಕೊಟ್ಟರೆ ಹೊಸ ಹಡಗಿನವರು ಎರಡು ವರ್ಷ ದುಡಿದು ನಾಲ್ಕೂಮುಕ್ಕಾಲು ವರ್ಷದ ದುಡ್ಡು ತಗೊಂಡ ಹಾಗೆ. ಹಡಗಿನ ಲೆಕ್ಕದಲ್ಲಿ ಕೊಟ್ಟರೆ, ಅವರ ಜೊತೆಗೇ ಸೇರಿ ಭೂಮಿಯಲ್ಲೇ ಉಳಿದವನು ಅವರಿಗಿಂತ ಸೀನಿಯರ್ ಆಗುತ್ತಾನೆ. ನಿಧಾನದ ಹಡಗಿನ ಮುದುಕರೋ, ನಾವು 42 ವರ್ಷ ಡಬ್ಬದಲ್ಲಿ ಕೂತು ಬಂದಿದ್ದೇವೆ, ನಿನ್ನೆ ಬಂದವರಿಗೆ ಸಲಾಂ ಹೊಡೆಯಬೇಕಾ ಅಂತ ಧರಣಿ ಕೂತಿದ್ದಾರೆ.

ಮೇಷ್ಟ್ರು ಹಿಂಬಾಕಿ ಸಮೇತ ಲೆಕ್ಕ ಹಾಕಿ ಕೇಂದ್ರ ಕಚೇರಿಗೆ ಐದು ಕಾರ್ಡು ಬರೆದಿದ್ದಾರೆ, ಒಂದರಲ್ಲಿ ಹಿಡಿಸಲಿಲ್ಲವಂತೆ. ಉತ್ತರ ಬರಲು ಇನ್ನೂ ಆರು ವಾರ ಇದೆ. ಅಲ್ಲಿಯವರೆಗೆ ರಿಕ್ರೂಟ್‌ಗಳೇ ಮೂವರ ಸಮಿತಿ ಮಾಡಿಕೊಂಡಿದ್ದಾರೆ. ಅಧ್ಯಕ್ಷರು ಮೇಷ್ಟ್ರೇ.