ಎಂಜಿನ್ ಮುಚ್ಚಳಕ್ಕೆ ಗಾಳಿಕಿಂಡಿ: ನನ್ನ ಎಂಆರ್2 ಅನುಭವ

ಎಂಜಿನ್ ಬೆನ್ನ ಹಿಂದೆ ಇರುವ ಕಾರು ಓಡಿಸುವವರೆಲ್ಲ ಒಂದಲ್ಲ ಒಂದು ದಿನ ಹಿಂಬದಿಯ ಮುಚ್ಚಳ ನೋಡಿ, ಇಲ್ಲಿ ಇನ್ನೊಂದಿಷ್ಟು ಕಿಂಡಿ ಇದ್ದಿದ್ದರೆ ಚೆನ್ನಾಗಿತ್ತು ಅಂದುಕೊಳ್ಳುತ್ತಾರೆ. ನನ್ನದು 1993ರ ಟೊಯೋಟಾ ಎಂಆರ್2 ಟರ್ಬೊ. ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಬೇಸಿಗೆಯಲ್ಲಿ ಒಮ್ಮೊಮ್ಮೆ ಅದನ್ನು ವಿಲ್ಲೋಸ್ ಊರಿನ ಥಂಡರ್‌ಹಿಲ್ ರೇಸ್ ಟ್ರ್ಯಾಕಿಗೆ ಒಯ್ಯುತ್ತೇನೆ. ಅಲ್ಲಿ ಜುಲೈ ಮಧ್ಯಾಹ್ನ 40 ಡಿಗ್ರಿ ದಾಟುವುದು ಹೊಸದೇನಲ್ಲ. ಕೆಲವು ಸುತ್ತು ಹೊಡೆದು ಬಂದು ನಿಲ್ಲಿಸಿದರೆ ಮುಚ್ಚಳದ ಮೇಲೆ ಕೈ ಇಡೋಕಾಗಲ್ಲ. ಡಿಕ್ಕಿಯಲ್ಲಿಟ್ಟ ನೀರಿನ ಬಾಟಲಿ ಕುಡಿಯಲಾಗದಷ್ಟು ಬಿಸಿ ಆಗಿರುತ್ತದೆ.

ಈ ಕಾರು ನೋಡದವರಿಗೆ ಜಾಗದ ಪರಿಚಯ ಮಾಡಿಕೊಡುತ್ತೇನೆ. ಎರಡೇ ಸೀಟು. ಸೀಟಿನ ಹಿಂದೆ ಹೆಚ್ಚುಕಮ್ಮಿ ನೇರವಾಗಿ ನಿಂತ ಸಣ್ಣ ಗಾಜು. ಗಾಜಿನ ಹಿಂದೆ ಎಂಜಿನ್ ಮುಚ್ಚಳ, ಅದರ ಹಿಂದೆ ಡಿಕ್ಕಿ. ಒಳಗೆ ಅಡ್ಡಡ್ಡ ಕೂತಿರುವುದು 2 ಲೀಟರಿನ 3ಎಸ್-ಜಿಟಿಇ ಎಂಜಿನ್. ಅಮೆರಿಕದಲ್ಲಿ ಮಾರಿದ ಕಾರಿಗೆ 200 ಹಾರ್ಸ್‌ಪವರ್. ರೇಡಿಯೇಟರ್ ಮುಂದೆ ಇದೆ, ನೀರು ಕಾರಿನ ಹೊಟ್ಟೆಯಡಿಯ ಉದ್ದ ಪೈಪುಗಳಲ್ಲಿ ಓಡಾಡುತ್ತದೆ. ಎಕ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಮಾತ್ರ ಹಿಂಭಾಗದಲ್ಲಿ, ಡಿಕ್ಕಿಯ ಗೋಡೆಗೆ ಅಂಟಿದಂತೆ ಇದೆ. ಟ್ರ್ಯಾಕಿನಲ್ಲಿ ಅದು ಕೆಂಪಗೆ ಕಾಯುವ ಭಾಗ. ಕಂಪನಿಯವರೇ ಟರ್ಬೊ ಮಾದರಿಯ ಮುಚ್ಚಳವನ್ನು ಸ್ವಲ್ಪ ಉಬ್ಬಿಸಿ ಕಿಂಡಿ ಕೊಟ್ಟಿದ್ದಾರೆ. ಆದರೆ ಅದರ ಕೆಳಗೆ ಮಳೆನೀರು ತಡೆಯುವ ತಟ್ಟೆ ಇದೆ. ಗಾಳಿ ಅದನ್ನು ಬಳಸಿಕೊಂಡು ಹೊರಗೆ ಬರಬೇಕು.

ಮಾರುಕಟ್ಟೆಯಲ್ಲಿ ಇಂಥ ಕಾರುಗಳಿಗೆ ಕಿಂಡಿಯ ಮುಚ್ಚಳಗಳು ಬೇಕಾದಷ್ಟಿವೆ. ಫೈಬರ್‌ಗ್ಲಾಸ್, ಕಾರ್ಬನ್, ಅಲ್ಯೂಮಿನಿಯಂ ಲೂವರ್ (ಓರೆಯಾಗಿ ತೆರೆದ ಪಟ್ಟಿಗಳ ಸಾಲು) ಹಚ್ಚಿದ್ದು. ನೋಡಲು ಎಲ್ಲವೂ ಸೊಗಸು. 1966ರ ಲ್ಯಾಂಬೋರ್ಗಿನಿ ಮಿಯುರಾದ ಹಿಂದಿನ ಪಟ್ಟಿಗಳು, 1987ರ ಫೆರಾರಿ ಎಫ್40ಯ ಸೀಳು ಕೊರೆದ ಪ್ಲಾಸ್ಟಿಕ್ ಕಿಟಕಿ ನೋಡಿ ಬೆಳೆದವರಿಗೆ ಈ ಆಸೆ ಸಹಜ. ಆದರೆ ಮಾರುವವರು ತೋರಿಸುವುದು ಚಿತ್ರ. ಗಾಳಿ ಯಾವ ಕಡೆ ಹೋಗುತ್ತದೆ ಅಂತ ಹೇಳುವವರು ಕಡಿಮೆ.

ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ, ಮೇಲೆ ತೂತು ಕೊರೆದರೆ ಸಾಕು ಅನ್ನುವ ಮಾತು ಕಾರು ನಿಂತಾಗ ಸರಿ. ಓಡುವಾಗ ಲೆಕ್ಕ ಬೇರೆ. ಆಗ ಮುಚ್ಚಳದ ಮೇಲಿನ ಒತ್ತಡ ಎಷ್ಟು, ಕೆಳಗಿನ ಒತ್ತಡ ಎಷ್ಟು ಅನ್ನುವುದೇ ಮುಖ್ಯ. ಮೇಲೆ ಕಡಿಮೆ ಇದ್ದರೆ ಬಿಸಿ ಹೊರಗೆ ಎಳೆದುಕೊಂಡು ಹೋಗುತ್ತದೆ. ಮೇಲೆ ಜಾಸ್ತಿ ಇದ್ದರೆ ಅದೇ ಕಿಂಡಿಯಿಂದ ಗಾಳಿ ಒಳಗೆ ನುಗ್ಗುತ್ತದೆ. ಹಳೆ ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ಗಾಳಿ ಒಂದು ದಿಕ್ಕಿನಿಂದ ಬೀಸಿದಾಗ ಅಡುಗೆಮನೆಯ ಹೊಗೆಗಂಡಿ ಚೆನ್ನಾಗಿ ಎಳೆಯುತ್ತದೆ, ಇನ್ನೊಂದು ದಿಕ್ಕಿನಿಂದ ಬಂದರೆ ಹೊಗೆಯೆಲ್ಲ ಒಳಗೇ ತಿರುಗುತ್ತದೆ, ಅಲ್ವಾ?

ಹಾಗಾಗಿ ಗರಗಸ ಎತ್ತುವ ಮೊದಲು ಅಳೆಯಬೇಕು ಅಂತ ನಿರ್ಧರಿಸಿದೆ. ಇದಕ್ಕೆ ದುಬಾರಿ ಉಪಕರಣ ಬೇಡ. ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯನ್ನು ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ಹಲಗೆಗೆ ಕಟ್ಟಿದೆ. ಅದಕ್ಕೆ ಬಣ್ಣದ ನೀರು ತುಂಬಿ ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಅಂಟಿಸಿದೆ. ಒಂದು ತುದಿ ಎಂಜಿನ್ ಕೋಣೆಯೊಳಕ್ಕೆ, ಇನ್ನೊಂದು ತುದಿ ಮುಚ್ಚಳದ ಮೇಲಕ್ಕೆ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡದ ವ್ಯತ್ಯಾಸ. ಮೇಲಿನ ತುದಿಯನ್ನು ಸುಮ್ನೆ ಟೇಪ್ ಹಾಕಿ ಬಿಟ್ಟರೆ ಗಾಳಿ ನಳಿಗೆಯ ಬಾಯಿಗೆ ನೇರವಾಗಿ ಹೊಡೆದು ಸುಳ್ಳು ಅಳತೆ ಬರುತ್ತದೆ. ಅದಕ್ಕೆ ತೆಳು ಪ್ಲಾಸ್ಟಿಕ್ ಬಿಲ್ಲೆ ಮಾಡಿ, ನಡುವೆ ಸೂಜಿಯಷ್ಟು ತೂತು ಇಟ್ಟು, ನಳಿಗೆಯನ್ನು ಪಕ್ಕದಿಂದ ಸೇರಿಸಿದೆ. ಬಿಲ್ಲೆ ಮುಚ್ಚಳಕ್ಕೆ ಅಂಟಿ ಕೂರುತ್ತದೆ, ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಎರಡೂ ತುದಿ ನಾವು ಕೂತಿರುವ ಜಾಗದ ಹೊರಗೇ ಇರುವುದರಿಂದ ಅಲ್ಲಿನ ಒತ್ತಡ ಅಳತೆಗೆ ಅಡ್ಡ ಬರುವುದಿಲ್ಲ.

ಐ-5 ಹೆದ್ದಾರಿಯ ನೇರ ಭಾಗದಲ್ಲಿ ಬೆಳಗ್ಗೆ ಗಾಳಿ ಬೀಸದ ಹೊತ್ತಿಗೆ ಹೋದೆವು. ನಾನು ಗಂಟೆಗೆ 60 ಮೈಲಿಯಲ್ಲಿ ಓಡಿಸಿದೆ, ಹೆಂಡತಿ ನೀರಿನ ಮಟ್ಟ ನೋಡಿ ಬರೆದುಕೊಂಡಳು. ಒಬ್ಬರೇ ಈ ಕೆಲಸ ಮಾಡಬೇಡಿ, ಕಣ್ಣು ರಸ್ತೆಯ ಮೇಲಿರಬೇಕು. ವೇಗ ಒಂದೇ ಸಮ ಇರಬೇಕು, ಏರುಪೇರಾದರೆ ನೀರು ಓಲಾಡುತ್ತದೆ. ಅಂದಾಜಿಗೆ ಹೇಳುವುದಾದರೆ, ಆ ವೇಗದಲ್ಲಿ ಎದುರು ಗಾಳಿಯ ಪೂರ್ತಿ ಹೊಡೆತ 40ರಿಂದ 45 ಮಿಲಿಮೀಟರ್ ನೀರಿನಷ್ಟು. ಮುಚ್ಚಳದ ಮೇಲೆ ಸಿಗುವ ವ್ಯತ್ಯಾಸ ಅದರ ಒಂದು ಭಾಗ ಮಾತ್ರ.

ಗಾಜಿನ ಹತ್ತಿರ, ಮುಚ್ಚಳದ ಮುಂದಿನ ಅಂಚಿನಲ್ಲಿ, ಎಂಜಿನ್ ಕೋಣೆಗಿಂತ ಸುಮಾರು 10 ಮಿಲಿಮೀಟರ್ ಕಡಿಮೆ ಒತ್ತಡ ಸಿಕ್ಕಿತು. ಅಂದರೆ ಒಳ್ಳೆ ಎಳೆತ. ನಡುವೆ ಅದರ ಅರ್ಧ. ಅಲ್ಲಿಂದ ಡಿಕ್ಕಿಯ ಮೇಲೆ ಎದ್ದು ನಿಂತ ಸ್ಪಾಯ್ಲರ್ ಪಟ್ಟಿಯ ಕಡೆಗೆ ಹೋದಂತೆ ವ್ಯತ್ಯಾಸ ಕರಗಿ, ಕೊನೆಯಲ್ಲಿ ನೀರು ಉಲ್ಟಾ ಏರಿತು. ಕಾರಣವಿದೆ. ಸ್ಪಾಯ್ಲರ್ ತನ್ನ ಮುಂದಿನ ಗಾಳಿಯನ್ನು ತಡೆದು ಅಲ್ಲಿ ಒತ್ತಡ ಹೆಚ್ಚಿಸುತ್ತದೆ. ಅದರ ಕೆಲಸವೇ ಅದು. ತಮಾಷೆ ಏನೆಂದರೆ, ನಾನು ನೋಡಿದ ರೆಡಿಮೇಡ್ ಮುಚ್ಚಳಗಳಲ್ಲಿ ಕೆಲವಕ್ಕೆ ಹಿಂದಿನ ಅಂಚಿನಲ್ಲೇ ದೊಡ್ಡ ಕಿಂಡಿ ಇತ್ತು. ಟರ್ಬೊ ಅಲ್ಲೇ ಕೆಳಗಿದೆ ಅನ್ನುವುದು ಅವರ ತರ್ಕ ಇರಬೇಕು. ನನ್ನ ಕಾರಿನ ಮಟ್ಟಿಗೆ ಓಡುವಾಗ ಅದು ಕೆಲಸಕ್ಕೆ ಬಾರದ ಜಾಗ.

ಮಾರನೆಯ ಸಲ ಉಣ್ಣೆ ದಾರದ ಗಿಡ್ಡ ತುಂಡುಗಳನ್ನು ಮುಚ್ಚಳದ ತುಂಬ ಅಂಟಿಸಿ, ಪಕ್ಕದ ಲೇನಿನಲ್ಲಿ ಬಂದ ಗೆಳೆಯನ ಕಾರಿನಿಂದ ವಿಡಿಯೊ ತೆಗೆಸಿದೆ. ಇದು ಅಳತೆಗಿಂತ ಹೆಚ್ಚು ಕಲಿಸಿತು. ಹಿಂದಿನ ದಾರಗಳು ಹಿಂದಕ್ಕೆ ನೆಟ್ಟಗೆ ಮಲಗಿದ್ದವು. ಗಾಜಿನ ಬುಡದ ದಾರಗಳು ಮುಂದಕ್ಕೆ, ಗಾಜಿನ ಕಡೆಗೆ ಮುಖ ಮಾಡಿ ನಡುಗುತ್ತಿದ್ದವು. ಛಾವಣಿ ಮುಗಿದ ಕಡೆ ಗಾಳಿ ಬಿಟ್ಟುಕೊಂಡು, ಮುಚ್ಚಳದ ಹಿಂಭಾಗದಲ್ಲಿ ಮತ್ತೆ ಇಳಿದು, ನಡುವಿನ ಗುಂಡಿಯಲ್ಲಿ ಸುಳಿ ಹೊಡೆಯುತ್ತಿತ್ತು. ಈಗ ಯೋಚನೆ ಮಾಡಿ. ಲೂವರ್ ಪಟ್ಟಿಗಳ ಬಾಯಿ ಸಾಮಾನ್ಯವಾಗಿ ಹಿಂದಕ್ಕೆ ತೆರೆದಿರುತ್ತದೆ. ಗಾಳಿ ಮುಂದಿನಿಂದ ಹಿಂದಕ್ಕೆ ಹೋಗುವಲ್ಲಿ ಅದು ಸರಿ. ಗಾಳಿ ತಿರುಗಿ ಬರುವ ಜಾಗದಲ್ಲಿ ಅದೇ ಬಾಯಿ ಗಾಳಿಯನ್ನು ಬುಟ್ಟಿಯಲ್ಲಿ ಹಿಡಿದು ಒಳಗೆ ತಳ್ಳುತ್ತದೆ. ಅದಕ್ಕೆ ಗಾಜಿನ ಹತ್ತಿರದ ಸಾಲಿಗೆ ಲೂವರ್ ಬೇಡ, ಸಪಾಟಾದ ಜಾಲರಿ ಸಾಕು ಅಂತ ತೀರ್ಮಾನಿಸಿದೆ. ನಡುವಿನ ಸಾಲಿಗೆ ಮಾತ್ರ ಲೂವರ್. ಹಿಂದಿನ ಮೂರನೇ ಒಂದು ಭಾಗ ಮುಟ್ಟಲೇ ಇಲ್ಲ.

ಕಾರ್ಬನ್ ಮುಚ್ಚಳ ಏಕೆ ಕೊಳ್ಳಲಿಲ್ಲ ಅಂತ ಕೇಳಬಹುದು. ತೂಕ ಕಡಿಮೆ, ನಿಜ. ಆದರೆ ಕಾರ್ಬನ್ ಎಳೆಗಳನ್ನು ಹಿಡಿದಿಡುವ ರಾಳ, ಅಂದರೆ ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿ, 60–70 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಲು ಶುರು ಮಾಡುತ್ತದೆ. ಒಲೆಯಲ್ಲಿಟ್ಟು ಬೇಯಿಸಿದ, ಬಿಸಿ ತಡೆಯುವ ರಾಳ ಬಳಸಿದ ಮುಚ್ಚಳಗಳೂ ಇವೆ, ಬೆಲೆ ಜಾಸ್ತಿ. ಯಾವ ರಾಳ ಅಂತ ಮಾರುವವರನ್ನು ಕೇಳಿ. ಉತ್ತರ ಬರದಿದ್ದರೆ ಟರ್ಬೊ ಮೇಲೆ ಅದನ್ನು ಕೂರಿಸುವ ಧೈರ್ಯ ನನಗಿಲ್ಲ.

ಗುಜರಿಯಿಂದ ಇನ್ನೊಂದು ಉಕ್ಕಿನ ಮುಚ್ಚಳ ತಂದೆ. ಮೂಲ ಮುಚ್ಚಳ ಹಾಗೇ ಗ್ಯಾರೇಜಿನ ಗೋಡೆಗೆ ಒರಗಿದೆ. ಮೂವತ್ತು ವರ್ಷ ದಾಟಿದ ಕಾರಿನ ಮೂಲ ಭಾಗ ಕತ್ತರಿಸಲು ನನ್ನ ಕೈ ಏಳುವುದಿಲ್ಲ. ಮುಚ್ಚಳ ಎರಡು ಪದರದ್ದು. ಮೇಲೆ ತೆಳು ತಗಡು, ಕೆಳಗೆ ಬಲ ಕೊಡುವ ಚೌಕಟ್ಟು. ಮೇಲಿನ ತಗಡಿನಲ್ಲಿ ಎಷ್ಟು ಬೇಕಾದರೂ ತೆಗೆಯಬಹುದು, ಚೌಕಟ್ಟಿನ ಪಕ್ಕೆಲುಬು ಮುಟ್ಟಬಾರದು. ಹಿಂಜ್ ಮತ್ತು ಲಾಚ್ ಸುತ್ತ ಒಂದು ಅಂಗೈ ಅಗಲ ಬಿಟ್ಟೆ. ಈ ಮುಚ್ಚಳ ಹೆದ್ದಾರಿಯಲ್ಲಿ ಹಾರಿಹೋದರೆ ಹಿಂದಿನವರ ಗತಿ ಏನು?

ಲೂವರ್ ತುಂಡುಗಳನ್ನು ಪ್ರೆಸ್ಸಿನಲ್ಲಿ ಒತ್ತಿದ ರೆಡಿ ಅಲ್ಯೂಮಿನಿಯಂ ಹಾಳೆಯಾಗಿ ಕೊಂಡೆ. 5052 ದರ್ಜೆಯದು. ಬಾಗುತ್ತದೆ, ಬಿರುಕು ಬಿಡುವುದಿಲ್ಲ. 6061 ದರ್ಜೆಯದು ಗಟ್ಟಿ, ಆದರೆ ಚೂಪಾಗಿ ಮಡಚಿದರೆ ಒಡೆಯುತ್ತದೆ. ಕತ್ತರಿಸುವ ಕಡೆ ಬಣ್ಣ ಕೆರೆಯದಂತೆ ಎರಡು ಪದರ ಟೇಪ್ ಹಾಕಿ, ಮೂಲೆಗಳಲ್ಲಿ ದುಂಡು ತೂತು ಕೊರೆದು, ಜಿಗ್‌ಸಾದಲ್ಲಿ ನಿಧಾನ ಕೊಯ್ದೆ. ಮೂಲೆ ಚೌಕವಾಗಿ ಬಿಟ್ಟರೆ ಮುಂದೊಂದು ದಿನ ಅಲ್ಲಿಂದಲೇ ಸೀಳು ಹೊರಡುತ್ತದೆ. ಕೊಯ್ದ ಅಂಚಿಗೆಲ್ಲ ಜಿಂಕ್ ಪ್ರೈಮರ್. ಅಲ್ಯೂಮಿನಿಯಂ ಮತ್ತು ಉಕ್ಕು ನೇರ ತಾಗಿ ನೀರು ಬಿದ್ದರೆ ಅಲ್ಯೂಮಿನಿಯಂ ಪುಡಿಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ. ಅದಕ್ಕೆ ಎರಡಕ್ಕೂ ಮೊದಲು ಬಣ್ಣ, ನಡುವೆ ಪಾಲಿಯುರೆಥೇನ್ ಸೀಲಂಟ್, ಆಮೇಲೆ ರಿವೆಟ್. ಬಣ್ಣ ಹೊಡೆಯುವ ಕೆಲಸ ಗೊತ್ತಿದ್ದವರಿಗೆ ಕೊಟ್ಟೆ.

ಮಳೆ ದೊಡ್ಡ ತಲೆನೋವು. ಈ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಹಳೆ ಕಾಲದ ಡಿಸ್ಟ್ರಿಬ್ಯೂಟರ್ ಇದೆ. ಅದರ ಮೇಲೆ ನೀರು ಬಿದ್ದರೆ ಕಾರು ಕೆಮ್ಮುತ್ತದೆ. ಜಾಲರಿಯ ಕೆಳಗೆ ಬೆರಳೆರಡು ಅಂತರ ಬಿಟ್ಟು ಸಣ್ಣ ಅಲ್ಯೂಮಿನಿಯಂ ತಟ್ಟೆ ಕೂರಿಸಿದೆ. ಒಂದು ಬದಿ ಇಳಿಜಾರು, ಅಲ್ಲಿಂದ ರಬ್ಬರ್ ನಳಿಗೆ ಕೆಳಕ್ಕೆ. ತಟ್ಟೆ ಇದ್ದರೆ ಗಾಳಿಗೆ ಅಡ್ಡಿ, ಇಲ್ಲದಿದ್ದರೆ ನೀರಿನ ಭಯ. ಹಾಗಾಗಿ ಕಾಲು ತಿರುವಿಗೆ ಬಿಚ್ಚುವ ಸ್ಕ್ರೂ ಹಾಕಿದ್ದೇನೆ. ಬೇಸಿಗೆಯಲ್ಲಿ ತೆಗೆಯುತ್ತೇನೆ, ನವೆಂಬರ್ ಹೊತ್ತಿಗೆ ಹಾಕುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆ ಮಳೆ ಇಲ್ಲ ಅನ್ನುವ ಅನುಕೂಲ ಇದು. ಮಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಇದ್ದಿದ್ದರೆ ಈ ಕೆಲಸಕ್ಕೇ ಕೈ ಹಾಕುತ್ತಿರಲಿಲ್ಲ.

ಫಲ ಏನು? ಕೊರೆಯುವ ಮೊದಲೂ ಆಮೇಲೂ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಕಟ್ಟಿ ನೋಡಿದೆ: ಮುಚ್ಚಳದ ಕೆಳಗೆ, ಟರ್ಬೊ ಮೇಲೆ, ಡಿಕ್ಕಿಯ ಗೋಡೆಗೆ, ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ. ಹೆದ್ದಾರಿಯಲ್ಲಿ ಸಮ ವೇಗದಲ್ಲಿ ಮುಚ್ಚಳದ ಕೆಳಗೆ ಕಮ್ಮಿಯಾದದ್ದು ಕೆಲವೇ ಡಿಗ್ರಿ. ಓಡುವ ಕಾರಿಗೆ ಬದಿಯಿಂದ, ಕೆಳಗಿನಿಂದ ಹೇಗೂ ಗಾಳಿ ಆಡುತ್ತಿರುತ್ತದೆ. ಎಂಜಿನ್ ಉಸಿರಾಡುವ ಗಾಳಿ ಚೂರೂ ತಣ್ಣಗಾಗಲಿಲ್ಲ. ಅದು ಬರುವುದು ಬಾಗಿಲ ಹಿಂದಿನ ಬದಿಯ ಬಾಯಿಯಿಂದ, ಮುಚ್ಚಳಕ್ಕೆ ಸಂಬಂಧವೇ ಇಲ್ಲ. ಹಾಗಾಗಿ ಕಿಂಡಿ ಮುಚ್ಚಳದಿಂದ ಹಾರ್ಸ್‌ಪವರ್ ಏರುತ್ತದೆ ಅಂತ ಯಾರಾದರೂ ಹೇಳಿದರೆ ನಗಬಹುದು.

ದೊಡ್ಡ ಬದಲಾವಣೆ ಕಂಡದ್ದು ನಿಲ್ಲಿಸಿದ ಮೇಲೆ. ಮೊದಲು ಎಂಜಿನ್ ಆರಿಸಿದ ಹತ್ತು ನಿಮಿಷದಲ್ಲಿ ಮುಚ್ಚಳದ ಕೆಳಗೆ 95 ಡಿಗ್ರಿ ಹತ್ತಿರ ಏರುತ್ತಿತ್ತು. ನೀರು ಹರಿಯುವುದು ನಿಂತಿರುತ್ತದೆ, ಗಾಳಿ ಇಲ್ಲ, ಟರ್ಬೊ ಮತ್ತು ಎಕ್ಸಾಸ್ಟ್ ತಮ್ಮ ಬಿಸಿಯನ್ನೆಲ್ಲ ಕೋಣೆಗೆ ಸುರಿಯುತ್ತವೆ. ವೈರಿನ ಹೊದಿಕೆ, ರಬ್ಬರ್ ನಳಿಗೆ, ಪ್ಲಾಸ್ಟಿಕ್ ಕನೆಕ್ಟರ್ ಒಣಗಿ ಮುರಿಯುವುದು ಈ ಬಿಸಿಗೇ. ಹೊಸ ಮುಚ್ಚಳದಲ್ಲಿ ಅದು 75ರ ಆಸುಪಾಸಿಗೆ ನಿಂತಿತು, ಇಳಿಯುವುದೂ ಬೇಗ. ಕಿಂಡಿಯ ಮೇಲೆ ಗಾಳಿ ನಡುಗುವುದು ಬರಿಗಣ್ಣಿಗೆ ಕಾಣುತ್ತದೆ. ಡಿಕ್ಕಿ ಮಾತ್ರ ಅಷ್ಟಕ್ಕಷ್ಟೇ. ಅದರ ಗೋಡೆಗೆ ಟರ್ಬೊದ ಕಾವು ನೇರ ಬಡಿಯುತ್ತದೆ, ಗಾಳಿಯ ಮೂಲಕ ಅಲ್ಲ. ಅದಕ್ಕೆ ಬೇಕಿದ್ದುದು ಬೇರೆ ಮದ್ದು: ಟರ್ಬೊಗೆ ಹೊದಿಕೆ, ಗೋಡೆಗೆ ಹೊಳೆಯುವ ತಗಡು. ಅವೆರಡೂ ಹಾಕಿದ ಮೇಲೆ ನೀರಿನ ಬಾಟಲಿ ಕುಡಿಯುವಂತಾಯಿತು. ಬಜೆಟ್ ಒಂದಕ್ಕೇ ಇದ್ದರೆ ಟರ್ಬೊ ಹೊದಿಕೆ ಮೊದಲು, ಮುಚ್ಚಳ ಆಮೇಲೆ ಅನ್ನುತ್ತೇನೆ ನಾನು.

ಕಳೆದುಕೊಂಡದ್ದೂ ಇದೆ. ಎಂಜಿನ್ ಸದ್ದು ಈಗ ತಲೆಯ ಹಿಂದೆಯೇ. ನನಗದು ಇಷ್ಟ, ಪಕ್ಕದ ಸೀಟಿಗೆ ಅಷ್ಟಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನ ಗಾಜಿನಾಚೆ ಬಿಸಿ ಗಾಳಿ ಎದ್ದು ಹಿಂಬದಿಯ ಕಾರುಗಳು ಅಲುಗಾಡಿದಂತೆ ಕಾಣುತ್ತವೆ.

ಕನ್ನಡ ಕೂಟದಲ್ಲಿ ಪರಿಚಯವಾದ ಗೆಳೆಯನೊಬ್ಬ ಸಿ8 ಕಾರ್ವೆಟ್ ಇಟ್ಟುಕೊಂಡಿದ್ದಾನೆ. ಅದೂ ಎಂಜಿನ್ ಬೆನ್ನ ಹಿಂದಿರುವ ಕಾರೇ. 6.2 ಲೀಟರಿನ ವಿ8, 490 ಹಾರ್ಸ್‌ಪವರ್. ಮೇಲೆ ದೊಡ್ಡ ಗಾಜಿನ ಹಿಂಬಾಗಿಲು. ನನ್ನದನ್ನು ನೋಡಿ ಅವನಿಗೂ ಗಾಜು ತೆಗೆದು ಲೂವರ್ ಹಾಕುವ ಹುಚ್ಚು ಹಿಡಿಯಿತು. ನನ್ನ ಅಳತೆ ಅವನಿಗೆ ನಡೆಯುವುದಿಲ್ಲ ಅಂದೆ. ಅವನ ಗಾಜು ಛಾವಣಿಯಿಂದ ಹಿಂದಕ್ಕೆ ಇಳಿಜಾರಾಗಿದೆ, ನನ್ನದರ ಹಾಗೆ ಗುಂಡಿ ಇಲ್ಲ, ಗಾಳಿ ಬೇರೆ ರೀತಿ ಹರಿಯುತ್ತದೆ. ಮೇಲಾಗಿ ಅವನಿಗೆ ಎಂಜಿನ್ನೂ ಡಿಕ್ಕಿಯೂ ಒಂದೇ ಬಾಗಿಲ ಕೆಳಗೆ. ಕಿಂಡಿ ತಪ್ಪಿದರೆ ಸೂಟ್‌ಕೇಸ್ ನೆನೆಯುತ್ತದೆ. ಹಿಂದೆ ಕಾಣುವುದೂ ಕಡಿಮೆಯಾಗುತ್ತದೆ. ಅವನ ಕಾರಿನಲ್ಲಿ ಕ್ಯಾಮೆರಾ ಕನ್ನಡಿ ಇರುವುದರಿಂದ ಅದೊಂದು ಚಿಂತೆ ಇಲ್ಲ. ಸದ್ಯಕ್ಕೆ ನನ್ನ ನಳಿಗೆ, ಬಿಲ್ಲೆ ಅವನ ಮನೆಯಲ್ಲಿವೆ.

ಇಂಥದ್ದು ಮಾಡುವವರು ಜಾಲರಿಯ ಕಣ್ಣಿನ ಅಳತೆ ಮರೆಯಬೇಡಿ. ನಾಲ್ಕೈದು ಮಿಲಿಮೀಟರ್‌ಗಿಂತ ದೊಡ್ಡದಾದರೆ ಒಣ ಎಲೆ, ಪೈನ್ ಸೂಜಿ ಒಳಗೆ ಬಿದ್ದು ಎಕ್ಸಾಸ್ಟ್ ಮೇಲೆ ಕೂರುತ್ತವೆ. ಅದು ಬೆಂಕಿಗೆ ಆಹ್ವಾನ. ತುಂಬ ಸಣ್ಣದಾದರೆ ಧೂಳು ಕಟ್ಟಿ ಕಿಂಡಿಯೇ ಮುಚ್ಚುತ್ತದೆ. ಮರದ ಕೆಳಗೆ ನಿಲ್ಲಿಸಿದ ಮೇಲೆ ಮುಚ್ಚಳ ಎತ್ತಿ, ಟಾರ್ಚ್ ಹಾಕಿ ನೋಡಿಯೇ ಎಂಜಿನ್ ಶುರು ಮಾಡುತ್ತೇನೆ. ಟ್ರ್ಯಾಕಿಗೆ ಹೋಗುವ ಮುನ್ನ ಪ್ರತಿ ರಿವೆಟ್ಟನ್ನೂ ಉಗುರಿನಲ್ಲಿ ಒತ್ತಿ ನೋಡುತ್ತೇನೆ. ಈವರೆಗೆ ಸಡಿಲಾದದ್ದು ಎಡಗಡೆಯ ಮೂಲೆಯವು ಮಾತ್ರ. ಅವನ್ನು ತೆಗೆದು ಒಂದು ಅಳತೆ ದಪ್ಪದವು ಹೊಡೆದಿದ್ದೇನೆ.