ಮಳೆಗಾಲದಲ್ಲಿ ಹಳ್ಳ ದಾಟಿಸುವುದು: ಹಗ್ಗಕ್ಕಿಂತ ಕೋಲು ಮೇಲು

ಮುಳ್ಳೋಡಿ ಹಳ್ಳಿಯಿಂದ ಕುದುರೆಮುಖ ಶಿಖರಕ್ಕೆ ಹೋಗುವ ದಾರಿಯಲ್ಲಿ, ಚಾರಣದ ತಂಡಗಳನ್ನು ಕರೆದೊಯ್ಯುವ ನನಗೆ ಭಯ ಏರಿನದ್ದಲ್ಲ, ವಾಪಸು ಬರುವಾಗಿನ ಹಳ್ಳಗಳದ್ದು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು, ಮಧ್ಯಾಹ್ನ ಗುಡ್ಡದ ತಲೆಯಲ್ಲಿ ಮಳೆ ಹೊಡೆದರೆ ಸೊಂಟ ಮುಟ್ಟುತ್ತದೆ. ನೀರು ಅಳೆದು, ಇಳಿಯುವ ತನಕ ಕಾಯುವ ನನ್ನ ಕ್ರಮ ನೋಡಿ "ಹೀಗೆ ಕೂತ್ರೆ ಪಾರ್ಟಿ ಬರಲ್ಲ ಮಾರಾಯ" ಅಂದವರೇ ಹೆಚ್ಚು. ಮೂರು ಮಳೆಗಾಲ, ಸುಮಾರು ಎಪ್ಪತ್ತು ತಂಡ ಆಯ್ತು, ಒಬ್ಬರೂ ನೀರುಪಾಲಾಗಿಲ್ಲ.

ಮೊದಲು ಸಂತೆಯ ನೀಲಿ ಪ್ಲಾಸ್ಟಿಕ್ ಹಗ್ಗ. ಒದ್ದೆಯಾದರೆ ಗಂಟು ಜಾರುತ್ತದೆ, ಕೈಗೂ ಹಿಡಿತವಿಲ್ಲ. ಆಮೇಲೆ ಹತ್ತೂವರೆ ಮಿಲಿಮೀಟರಿನ ಸ್ಟಾಟಿಕ್ (ಹೆಚ್ಚು ಹಿಗ್ಗದ) ಹಗ್ಗ ಐವತ್ತು ಮೀಟರು, ಕ್ಯಾರಬೈನರ್ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ) ಸೇರಿ ಎಂಟು ಸಾವಿರದ ಹತ್ತಿರ. ಅದನ್ನು ದಡದಿಂದ ದಡಕ್ಕೆ ನೇರ ಬಿಗಿದಿದ್ದೇ ತಪ್ಪು. ಜನ ಜೋತುಬಿದ್ದಾಗ ಹಗ್ಗ ಬಿಲ್ಲಿನಂತೆ ಬಾಗಿ, ಸೆಳೆತ ಜೋರಿರುವ ನಡುವಿನಲ್ಲೇ ಸಿಕ್ಕಿಕೊಳ್ಳುತ್ತಾರೆ. ಕಟ್ಟಲೇಬೇಕಿದ್ದರೆ ನೀರು ಹರಿಯುವ ದಿಕ್ಕಿಗೆ ಓರೆಯಾಗಿ ಕಟ್ಟಿ. ಮನುಷ್ಯನ ಸೊಂಟಕ್ಕೆ ಮಾತ್ರ ಕಟ್ಟಲೇಬೇಡಿ. ಕಾಲು ಜಾರಿದರೆ ಅದೇ ಹಗ್ಗ ಅವರನ್ನು ನೀರಿನೊಳಗೆ ಹಿಡಿದಿಡುತ್ತದೆ.

ಈಗಿನ ಸಾಮಾನು ಐದಡಿ ಬಿದಿರುಕೋಲು. ತಂಡದಲ್ಲಿ ಎಲ್ಲರಿಗಿಂತ ಗಿಡ್ಡ ಇರುವವರ ಮೊಣಕಾಲಿನ ಎತ್ತರಕ್ಕೆ ಕೆಂಪು ಟೇಪು. ಓಡುವ ನೀರು ಟೇಪು ದಾಟಿದರೆ ಯಾರೂ ಇಳಿಯುವಂತಿಲ್ಲ. ಹೋಗುವಾಗಲೇ ಪ್ರತಿ ಹಳ್ಳದಲ್ಲಿ ಒಂದು ಕಲ್ಲು ಗುರುತು ಮಾಡಿ ಫೋಟೊ ತೆಗೆಯುತ್ತೇನೆ. ಯಾವ ಕಲ್ಲು, ಯಾವ ತಿರುವು ಅನ್ನುವುದು ನನ್ನಲ್ಲೇ ಇರಲಿ. ವಾಪಸು ಬಂದಾಗ ಆ ಕಲ್ಲು ಮುಳುಗಿದ್ದರೆ ಎಲ್ಲರೂ ದಡದಿಂದ ಮೇಲೆ ಹೋಗಿ ಕೂರುವುದು, ಹತ್ತು ನಿಮಿಷಕ್ಕೊಮ್ಮೆ ನೋಡುವುದು. ಸಣ್ಣ ಹಳ್ಳ ಸಾಮಾನ್ಯವಾಗಿ ಮಳೆ ನಿಂತ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ನೀರು ಕೆಂಪಾಗಿ, ತರಗೆಲೆ ತೇಲಿಬಂದು, ತಳದಲ್ಲಿ ಕಲ್ಲು ಉರುಳುವ ಸದ್ದು ಕೇಳಿದರೆ ಕೋಲೂ ಬೇಡ, ಆಗಲೇ ಮೇಲಕ್ಕೆ ಹತ್ತಿಬಿಡಿ. ಕಾಯುವುದಕ್ಕೆ ಬೆಳಕು ಉಳಿಯಬೇಕು, ಅದಕ್ಕೇ ಶಿಖರ ಸಿಗಲಿ ಬಿಡಲಿ ಹನ್ನೆರಡೂವರೆಗೆ ತಿರುಗುವುದು.

ದಾಟುವಾಗ ಬ್ಯಾಗಿನ ಸೊಂಟದ, ಎದೆಯ ಬಕಲ್ ಬಿಚ್ಚಿರಬೇಕು. ಶೂ ಕಳಚಬಾರದು. ಮುಖ ನೀರು ಬರುವ ಕಡೆಗೆ, ಮೂವರು ಭುಜ ಹಿಡಿದು ಅಡ್ಡಹೆಜ್ಜೆ. ಕೆಳಗಡೆ ಜಲಪಾತವೋ ಅಡ್ಡಬಿದ್ದ ಮರವೋ ಇದ್ದರೆ ಆ ಜಾಗ ಬಿಡಿ, ಮರದ ಕೊಂಬೆಗೆ ಸಿಕ್ಕವರು ಬಿಡಿಸಿಕೊಳ್ಳುವುದು ಕಷ್ಟ. ಜಾರಿದವರಿಗೆ ಎಸೆಯುವ ಹಗ್ಗದ ಚೀಲ ಹಿಡಿದು ಒಬ್ಬರು ಹದಿನೈದು ಹೆಜ್ಜೆ ಕೆಳಗೆ ನಿಲ್ಲಬೇಕು. ಇದಕ್ಕೆ ಕೊಟ್ಟ ಎರಡೂವರೆ ಸಾವಿರ ಉಳಿದೆಲ್ಲಕ್ಕಿಂತ ಸಾರ್ಥಕ.

ಇಂಬಳ, ಅಂದರೆ ಜಿಗಣೆ, ಹತ್ತದಿರಲಿ ಅಂತ ಉಪ್ಪು ಹಚ್ಚಿ ನೋಡಿದೆ, ಮೊದಲ ಹಳ್ಳದಲ್ಲೇ ತೊಳೆದುಹೋಯಿತು. ಹೊಗೆಸೊಪ್ಪಿನ ಪುಡಿ, ಸುಣ್ಣ, ಕೊಬ್ಬರಿ ಎಣ್ಣೆ ಕಲಸಿ ಕಾಲುಚೀಲದ ಹೊರಗೆ ಹಚ್ಚಿದ್ದು ಮೂರು ಹಳ್ಳದ ತನಕ ನಿಂತಿತು. ಪ್ರಮಾಣ ಹೇಳುವುದಿಲ್ಲ.

ದುಡ್ಡಿನ ಪೆಟ್ಟು ಬಿದ್ದದ್ದು ರದ್ದತಿಯಲ್ಲಿ. ಮೊದಲ ವರ್ಷ ನಲವತ್ತು ಸಾವಿರದಷ್ಟು ವಾಪಸು ಕೊಟ್ಟೆ. ಈಗ ಬುಕಿಂಗ್‌ನಲ್ಲೇ ಎರಡು ದಾರಿ ಬರೆದಿರುತ್ತೇನೆ, ಹಳ್ಳ ತುಂಬಿದರೆ ತೋಟದೊಳಗಿನ ನಡಿಗೆ. ತಲೆಗೆ ನೂರೈವತ್ತು ಏರಿಸಿದ್ದೇನೆ, ಈ ಸಲ ಜುಲೈನ ವಾರಾಂತ್ಯಗಳೆಲ್ಲ ಭರ್ತಿ.