ಬಣ್ಣದ ಡೈ ಇಲ್ಲದೆ ಬಣ್ಣ ಬದಲಿಸುವ ಪಿಕ್ಸೆಲ್ ಮಾಡುವ ಬಗೆ

ನವಿಲುಗರಿಯ ನೀಲಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಒಳಗಿನ ಅತಿ ಸೂಕ್ಷ್ಮ ಕಡ್ಡಿಗಳ ನಡುವಿನ ಅಂತರ ಯಾವ ಬೆಳಕನ್ನು ಹಿಂದಿರುಗಿಸುತ್ತದೋ ಅದೇ ಬಣ್ಣ ನಮಗೆ ಕಾಣುತ್ತದೆ. ಕ್ವಾಲ್ಕಾಮ್ ಕಂಪನಿಯ ಮಿರಾಸೋಲ್ ಪರದೆ ಮಾರ್ಫೋ ಚಿಟ್ಟೆಯ ರೆಕ್ಕೆಯಿಂದ ಇದೇ ತತ್ವವನ್ನು ಎತ್ತಿಕೊಂಡಿತು. 2013ರ ಟಾಕ್ ಕೈಗಡಿಯಾರದಲ್ಲಿ ಇದ್ದದ್ದು ಆ ಪರದೆಯೇ. ಅದಕ್ಕೆ ಹಿಂಬದಿಯ ದೀಪ ಬೇಕಿರಲಿಲ್ಲ, ಬಿಸಿಲಿದ್ದಷ್ಟೂ ಚೆನ್ನಾಗಿ ಕಾಣುತ್ತಿತ್ತು.

ಮಿರಾಸೋಲ್ ಪರದೆಯ ಒಳಗಿರುವ ಅತಿ ತೆಳು ಕನ್ನಡಿಪೊರೆಯನ್ನು ಮನೆಯಲ್ಲಿ ಮಾಡಲಾಗದು. ಆದರೆ ಪೋಲಿಯಾ ಕಂಡೆನ್ಸೇಟಾ ಎಂಬ ಆಫ್ರಿಕಾದ ಕಾಡುಗಿಡದ ಹಣ್ಣು ಸುಲಭದ ದಾರಿಯೊಂದನ್ನು ತೋರಿಸುತ್ತದೆ. ಅದರ ಸಿಪ್ಪೆಯಲ್ಲಿ ಸೆಲ್ಯುಲೋಸ್ ಎಳೆಗಳು ಸುರುಳಿ ಮೆಟ್ಟಿಲಿನಂತೆ ಪದರ ಪದರವಾಗಿ ತಿರುಗುತ್ತಾ ಹೋಗುತ್ತವೆ. ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್, ಅಂದರೆ ಎಚ್‌ಪಿಸಿ, ನೀರಿನಲ್ಲಿ ದಟ್ಟವಾಗಿ ಕರಗಿದಾಗ ತಾನಾಗಿಯೇ ಇಂಥ ಸುರುಳಿ ಕಟ್ಟಿಕೊಳ್ಳುತ್ತದೆ.

ಇದು ಮಾತ್ರೆ ತಯಾರಿಕೆಯಲ್ಲಿ ಬಳಸುವ ಪುಡಿ. ಅಣುತೂಕ 80,000ದಿಂದ 1,00,000ದ ಆಸುಪಾಸಿನದ್ದನ್ನೇ ಕೇಳಿ; ಅದಕ್ಕಿಂತ ಭಾರದ್ದು ಕಲಸಲು ಬಾರದಷ್ಟು ಗಟ್ಟಿಯಾಗುತ್ತದೆ. ಎಚ್‌ಪಿಎಂಸಿ ಬೇರೆ ವಸ್ತು. ಹೆಸರು ಹತ್ತಿರವಿರುವುದರಿಂದ ಅಂಗಡಿಯವರು ಅದನ್ನೇ ಕೊಟ್ಟುಬಿಡುತ್ತಾರೆ, ಚೀಟಿ ನೋಡಿ ತೆಗೆದುಕೊಳ್ಳಿ.

13 ಗ್ರಾಂ ಪುಡಿಗೆ 7 ಗ್ರಾಂ ತಣ್ಣನೆಯ ಡಿಸ್ಟಿಲ್ಡ್ ನೀರು. 0.1 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು, ಏಕೆಂದರೆ ಅರ್ಧ ಗ್ರಾಂ ನೀರು ಹೆಚ್ಚಾದರೂ ಸಾಂದ್ರತೆ 65ರಿಂದ ಸುಮಾರು 63.4 ಶೇಕಡಾಕ್ಕೆ ಇಳಿಯುತ್ತದೆ, ಬಣ್ಣವೂ ಜಾರುತ್ತದೆ. ಶೇಕಡಾ 60ರ ಹತ್ತಿರ ಕೆಂಪು, ಪುಡಿ ಹೆಚ್ಚಿದಂತೆ ಹಸಿರು, 70ರ ಕಡೆಗೆ ನೀಲಿ; ಪುಡಿಯ ಬಗೆಗೆ ತಕ್ಕಂತೆ ಈ ಅಂಕಿ ಒಂದೆರಡು ಆಚೀಚೆ ಆಗುತ್ತದೆ. ಬಿಸಿನೀರು ಹಾಕಬೇಡಿ. ಸುಮಾರು 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಚ್‌ಪಿಸಿ ಕರಗುವುದಿಲ್ಲ, ಮುದ್ದೆಗಟ್ಟುತ್ತದೆ.

ಎರಡನ್ನೂ ದಪ್ಪನೆಯ ಜಿಪ್ ಚೀಲಕ್ಕೆ ಹಾಕಿ, ಗಾಳಿ ಹೊರದೂಡಿ ಮುಚ್ಚಿ, ಹೋಳಿಗೆ ಕಣಕ ನಾದುವಂತೆ ನಾದಿ. ಮೊದಲ ದಿನ ಬಿಳಿ ಗಂಟುಗಳೇ ಕಾಣುತ್ತವೆ, ಕೆಟ್ಟಿತೆಂದು ಎಸೆಯಬೇಡಿ. ದಿನಕ್ಕೆ ಎರಡು ಮೂರು ಸಲ ನಾದುತ್ತಾ ಒಂದು ವಾರ ಬಿಟ್ಟರೆ ನೀರು ಎಲ್ಲ ಕಡೆ ಸಮನಾಗಿ ಹರಡುತ್ತದೆ. ಆಮೇಲೆ ಕೆಲವು ದಿನ ಚೀಲವನ್ನು ನೆಟ್ಟಗೆ ನಿಲ್ಲಿಸಿದರೆ ಗುಳ್ಳೆಗಳು ಮೇಲೇರುತ್ತವೆ. ಉಳಿದ ಗುಳ್ಳೆಗಳು ಬೆಳಕನ್ನು ಚದುರಿಸಿ ಬಣ್ಣವನ್ನು ಹಾಲುಬಿಳಿಯಾಗಿಸುತ್ತವೆ.

ಈಗ ಚೀಲವನ್ನು ಕಪ್ಪು ಕಾಗದದ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ. ಪದರಗಳು ಹತ್ತಿರವಾಗಿ ಒತ್ತಿದ ಜಾಗ ನೀಲಿಯ ಕಡೆಗೆ ಸರಿಯುತ್ತದೆ. ಈ ಕ್ಷಣ ನಿಜಕ್ಕೂ ಸುಂದರ, ಇಡೀ ಕೆಲಸದ ತಿರುಳೂ ಇಲ್ಲೇ ಇದೆ. ಕಪ್ಪು ಹಿನ್ನೆಲೆ ಇಲ್ಲದಿದ್ದರೆ ಏನೂ ಕಾಣದು: ಚೀಲದೊಳಗಿನ ಎಚ್‌ಪಿಸಿ ಅಂಟಿನ ಮೂಲಕ ಹಾದುಹೋದ ಬೆಳಕು ಹಿಂದಿನಿಂದ ಮರಳಿ ಬಂದು ಬಣ್ಣವನ್ನು ಮುಳುಗಿಸುತ್ತದೆ. 3ಡಿ ಸಿನಿಮಾದ ವೃತ್ತೀಯ ಧ್ರುವೀಕರಣದ ಕನ್ನಡಕ ಸಿಕ್ಕರೆ ಹಾಕಿಕೊಂಡು ನೋಡಿ. ಒಂದು ಗಾಜಿನಲ್ಲಿ ಬಣ್ಣ ಹೊಳೆಯುತ್ತದೆ, ಇನ್ನೊಂದರಲ್ಲಿ ಆರಿಹೋಗುತ್ತದೆ. ಸುರುಳಿ ಒಂದೇ ದಿಕ್ಕಿಗೆ ತಿರುಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಇದನ್ನು ವಿದ್ಯುತ್ತಿನಿಂದ ಆಡಿಸಲು ಶಾಖ ಸಾಕು. ಬಿಸಿಯಾದರೆ ಸುರುಳಿ ಸಡಿಲವಾಗಿ ಬಣ್ಣ ಕೆಂಪಿನ ಕಡೆಗೆ ಹೋಗುತ್ತದೆ. 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆಯಿಂದ 25×25 ಮಿ.ಮೀ. ತುಂಡು ಕತ್ತರಿಸಿ, ಹೊಳಪಿಲ್ಲದ ಕಪ್ಪು ಸ್ಪ್ರೇ ಬಳಿದು ಒಣಗಿಸಿ. ತಂಪುಪಾನೀಯದ ಡಬ್ಬಿಯ ತಗಡು ತೀರಾ ತೆಳು, ಶಾಖ ನಡುವಲ್ಲೇ ನಿಂತುಬಿಡುತ್ತದೆ. ಅಂಚಿನ ಸುತ್ತ 1 ಮಿ.ಮೀ. ದಪ್ಪದ ಫೋಮ್ ಡಬಲ್ ಸೈಡ್ ಟೇಪ್ ಅಂಟಿಸಿ, ಒಂದು ಮೂಲೆಯಲ್ಲಿ ಸಣ್ಣ ಸಂದು ಬಿಡಿ. ಹಸಿರು ತೋರುವ ಅಂಟನ್ನು ಸುಮಾರು ಅರ್ಧ ಗ್ರಾಂ ನಡುವೆ ಇಟ್ಟು, ಸೂಕ್ಷ್ಮದರ್ಶಕದ ಗಾಜಿನ ಸ್ಲೈಡನ್ನು ನಿಧಾನವಾಗಿ ಒತ್ತಿ. ಹೆಚ್ಚಾದದ್ದು ಸಂದಿನಿಂದ ಹೊರಬರಲಿ. ಆಮೇಲೆ ಸುತ್ತಲೂ ಎಪಾಕ್ಸಿ ಹಚ್ಚಿ. ಈ ಮುಚ್ಚುವಿಕೆಯಲ್ಲಿ ಅವಸರ ಮಾಡಿದರೆ ನೀರು ಆರುತ್ತಾ ಅಂಚಿನಿಂದ ಒಳಕ್ಕೆ ನೀಲಿ ಹಬ್ಬುತ್ತದೆ, ಕೊನೆಗೆ ಬಣ್ಣವೇ ಮಾಯವಾಗುತ್ತದೆ. ಒತ್ತಿದ ತಕ್ಷಣ ಮಂಕಾಗಿ ಕಂಡರೆ ಒಂದು ರಾತ್ರಿ ಹಾಗೇ ಬಿಡಿ. ಎಳೆದಾಟದಲ್ಲಿ ಕದಡಿದ ಸುರುಳಿಗಳು ಮತ್ತೆ ಕೂಡಿಕೊಳ್ಳಬೇಕು.

ತಗಡಿನ ಹಿಂಬದಿಗೆ 47 ಓಮ್, 1 ವ್ಯಾಟ್ ರೆಸಿಸ್ಟರನ್ನು ಎಪಾಕ್ಸಿಯಿಂದ ಅಂಟಿಸಿ. ಕಾಲುಗಳು ತಗಡಿಗೆ ತಾಗಬಾರದು. 5 ವೋಲ್ಟ್‌ಗೆ ಇದು ಸುಮಾರು 106 ಮಿಲಿಆಂಪ್ ಎಳೆಯುತ್ತದೆ, ಆರ್ಡುಯಿನೋ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ ಪಿನ್ನಿನಿಂದ ನೇರವಾಗಿ ಕೊಟ್ಟರೆ ಪಿನ್ ಸುಡುತ್ತದೆ. 2ಎನ್2222 ಟ್ರಾನ್ಸಿಸ್ಟರ್ ಹಾಕಿ, ಪಿನ್ ಮತ್ತು ಬೇಸ್ ನಡುವೆ 470 ಓಮ್, ಎಮಿಟರ್ ಗ್ರೌಂಡಿಗೆ, ತಗಡಿಗೆ ಅಂಟಿಸಿದ ರೆಸಿಸ್ಟರ್ 5 ವೋಲ್ಟ್ ಮತ್ತು ಕಲೆಕ್ಟರ್ ನಡುವೆ. ಸುರುಳಿತಂತಿ ಇಲ್ಲದ್ದರಿಂದ ರಕ್ಷಣೆಯ ಡಯೋಡ್ ಬೇಕಿಲ್ಲ.

ಪಿನ್ನನ್ನು ವೇಗವಾಗಿ ಹಚ್ಚಿ ಆರಿಸಿ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವ ಪಿಡಬ್ಲ್ಯುಎಂ ಮೌಲ್ಯವನ್ನು 255ರಲ್ಲಿ 60ರಿಂದ ಶುರುಮಾಡಿ, ಐದೈದು ನಿಮಿಷ ಕಾದು 10ರಂತೆ ಏರಿಸಿ. ಪೂರ್ತಿ ಶಕ್ತಿ ಕೊಟ್ಟರೆ ಅಂಟು ಬಿಳಿಚಿ ಮಸುಕಾಗುತ್ತದೆ. ಎಚ್‌ಪಿಸಿ ನೀರಿನಿಂದ ಬೇರೆಯಾಯಿತೆಂದು ಅರ್ಥ. ಕರೆಂಟ್ ತೆಗೆದು ತಣಿಸಿ ಬಿಟ್ಟರೆ ಅದು ಮತ್ತೆ ಕರಗಿಕೊಳ್ಳುತ್ತದೆ. ಕೋಣೆಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ: ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಈ ಪಿಕ್ಸೆಲ್ ಕರೆಂಟಿಲ್ಲದೆಯೇ ಬಿಳಿಚಬಹುದು, ಅಂಥ ಕಡೆ ಮುಂಜಾನೆ ಪರೀಕ್ಷಿಸಿ. ಬಣ್ಣವನ್ನು ಯಾವಾಗಲೂ ನೇರ ಎದುರಿನಿಂದಲೇ ಅಳೆಯಿರಿ. ಓರೆಯಾಗಿ ನೋಡಿದರೆ ಅದೇ ಪದರ ಇನ್ನಷ್ಟು ನೀಲಿಯಾಗಿ ಕಾಣುತ್ತದೆ.